ಏಜೆಂಟರಿಗೆ ಕಳಿಸುವ ಮುನ್ನ: ಕ್ವೆರಿ ಪತ್ರವನ್ನು ಯಾರಿಗೆ, ಹೇಗೆ ಓದಿಸಬೇಕು

ನೀವು ಇಂಗ್ಲಿಷಿನಲ್ಲಿ ಒಂದು ಕಾದಂಬರಿ ಬರೆದು ಮುಗಿಸಿದ್ದೀರಿ ಎಂದುಕೊಳ್ಳೋಣ. ಬೆಂಗಳೂರಿನಲ್ಲಿ ಕುಳಿತು ಬರೆದಿರಬಹುದು. ನ್ಯೂಜೆರ್ಸಿಯಲ್ಲೋ ಲಂಡನ್ನಿನಲ್ಲೋ ಕೆಲಸ ಮುಗಿಸಿ ಮನೆಗೆ ಬಂದ ಮೇಲೆ ರಾತ್ರಿ ಹೊತ್ತು ಬರೆದಿರಬಹುದು. ಅದನ್ನು ನ್ಯೂಯಾರ್ಕಿನ ಅಥವಾ ಲಂಡನ್ನಿನ ದೊಡ್ಡ ಪ್ರಕಾಶಕರು ತರಬೇಕೆಂಬುದು ನಿಮ್ಮ ಆಸೆ. ಅದಕ್ಕೆ ಮೊದಲು ಬೇಕಾಗುವುದು ಒಂದು ಪುಟದ ಪತ್ರ. ಆ ಪತ್ರವನ್ನು ಕಳಿಸುವ ಮುಂಚೆ ಇತರರಿಗೆ ಓದಿಸಿ, ಅವರ ಮಾತಿನಿಂದ ಪ್ರಯೋಜನ ಪಡೆಯುವುದು ಹೇಗೆ ಎಂಬುದನ್ನು ಇಲ್ಲಿ ನಿಧಾನವಾಗಿ ನೋಡೋಣ. ನಿಮಗೆ ಈ ಲೋಕದ ಪರಿಚಯ ಸ್ವಲ್ಪವೂ ಇಲ್ಲದಿದ್ದರೂ ಚಿಂತೆಯಿಲ್ಲ. ಬುಡದಿಂದಲೇ ಶುರು ಮಾಡುತ್ತೇನೆ.

ಕನ್ನಡದಲ್ಲಿ ಕಾದಂಬರಿ ಬರೆದವರು ಹಸ್ತಪ್ರತಿಯನ್ನು ನೇರವಾಗಿ ಪ್ರಕಾಶಕರ ಕೈಗೆ ಕೊಡುತ್ತಾರೆ. ಧಾರವಾಡದ ಮನೋಹರ ಗ್ರಂಥಮಾಲೆಯ ಕಾಲದಿಂದ ಇಂದಿನ ಸಣ್ಣ ಪ್ರಕಾಶನಗಳವರೆಗೆ ನಮ್ಮ ರೂಢಿ ಇದೇ. ನಡುವೆ ಮೂರನೆಯವರು ಇರುವುದಿಲ್ಲ. ಅಮೆರಿಕ ಮತ್ತು ಬ್ರಿಟನ್ನಿನ ದೊಡ್ಡ ಪ್ರಕಾಶನ ಸಂಸ್ಥೆಗಳಲ್ಲಿ ಹಾಗಲ್ಲ. ಅಪರಿಚಿತ ಲೇಖಕರು ನೇರವಾಗಿ ಕಳಿಸಿದ ಹಸ್ತಪ್ರತಿಯನ್ನು ಅಲ್ಲಿನ ಸಂಪಾದಕರು ಸಾಮಾನ್ಯವಾಗಿ ಓದುವುದಿಲ್ಲ. ಲಿಟರರಿ ಏಜೆಂಟ್ ಎಂಬುವವರ ಮೂಲಕ ಬಂದದ್ದನ್ನು ಮಾತ್ರ ಓದುತ್ತಾರೆ. ಏಜೆಂಟ್ ಎಂದರೆ ಲೇಖಕರ ಪರವಾಗಿ ಪ್ರಕಾಶಕರ ಜೊತೆ ವ್ಯವಹರಿಸುವ ವ್ಯಕ್ತಿ. ಯಾವ ಸಂಪಾದಕರಿಗೆ ಯಾವ ಬಗೆಯ ಪುಸ್ತಕ ಹಿಡಿಸುತ್ತದೆ ಎಂದು ಅವರಿಗೆ ಗೊತ್ತಿರುತ್ತದೆ. ಕರಾರು ಪತ್ರದ ಒಳಸುಳಿಗಳೂ ಗೊತ್ತಿರುತ್ತವೆ. ಲೇಖಕರಿಗೆ ಬರುವ ಹಣದಲ್ಲಿ ತಮ್ಮ ಪಾಲನ್ನು ತೆಗೆದುಕೊಳ್ಳುತ್ತಾರೆ: ಸ್ವದೇಶದ ಮಾರಾಟಕ್ಕೆ ಸಾಮಾನ್ಯವಾಗಿ ಶೇಕಡಾ 15, ಅನುವಾದ ಮತ್ತು ವಿದೇಶಿ ಹಕ್ಕುಗಳಿಗೆ ಶೇಕಡಾ 20. ಪುಸ್ತಕ ಮಾರಾಟವಾಗದಿದ್ದರೆ ಅವರಿಗೆ ಕಾಸಿಲ್ಲ. ಈ ವೃತ್ತಿ ಹೊಸದೇನೂ ಅಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಲಂಡನ್ನಿನಲ್ಲಿ ಎ.ಪಿ. ವಾಟ್ ಎಂಬಾತ ಇದನ್ನು ಒಂದು ಕಸುಬಾಗಿ ರೂಪಿಸಿದ. ರಡ್ಯಾರ್ಡ್ ಕಿಪ್ಲಿಂಗ್, ಆರ್ಥರ್ ಕಾನನ್ ಡಾಯ್ಲ್ ಅಂಥವರು ಆತನ ಲೇಖಕರಾಗಿದ್ದರು.

ಈ ಬಾಗಿಲು ಬೇರೆ ರೀತಿಯಲ್ಲಿ ತೆರೆದದ್ದೂ ಉಂಟು. ಅರುಂಧತಿ ರಾಯ್ ಅವರ ‘ದ ಗಾಡ್ ಆಫ್ ಸ್ಮಾಲ್ ಥಿಂಗ್ಸ್’ ಹಸ್ತಪ್ರತಿಯನ್ನು ಓದಿದ ಡೇವಿಡ್ ಗಾಡ್ವಿನ್ ಎಂಬ ಲಂಡನ್ನಿನ ಏಜೆಂಟ್ ವಿಮಾನ ಹತ್ತಿ ಭಾರತಕ್ಕೇ ಬಂದರು. ಇಂಥ ಕಥೆಗಳನ್ನು ಕೇಳಿ ಸಂತೋಷಪಡಿ, ಆದರೆ ನಿಮ್ಮ ಯೋಜನೆಯನ್ನು ಅವುಗಳ ಮೇಲೆ ಕಟ್ಟಬೇಡಿ. ಮಿಕ್ಕವರೆಲ್ಲ ಪತ್ರ ಬರೆಯಲೇಬೇಕು.

ಆ ಪತ್ರವೇ ಕ್ವೆರಿ ಪತ್ರ. ‘ನಾನು ಹೀಗೊಂದು ಕಾದಂಬರಿ ಬರೆದಿದ್ದೇನೆ, ಹಸ್ತಪ್ರತಿಯನ್ನು ಓದಲು ನಿಮಗೆ ಆಸಕ್ತಿಯಿದೆಯೇ?’ ಎಂದು ಏಜೆಂಟರನ್ನು ವಿಚಾರಿಸುವ ಪತ್ರ. ಕೇಳುವುದು ಅಷ್ಟನ್ನೇ. ಪುಸ್ತಕವನ್ನು ಒಪ್ಪಿಕೊಳ್ಳಿ ಎಂದು ಅದು ಕೇಳುವುದಿಲ್ಲ, ಓದುತ್ತೀರಾ ಎಂದು ಕೇಳುತ್ತದೆ. ಈ ಸಣ್ಣ ವ್ಯತ್ಯಾಸವನ್ನು ದಯವಿಟ್ಟು ನೆನಪಿನಲ್ಲಿಡಿ. ಪತ್ರದಲ್ಲಿ ಏನಿರಬೇಕು, ಏನಿರಬಾರದು ಎಂಬ ಗೊಂದಲಗಳು ಬಹುಪಾಲು ಇದರಿಂದಲೇ ಬಗೆಹರಿಯುತ್ತವೆ.

ಅಮೆರಿಕದ ರೂಢಿಯಲ್ಲಿ ಈ ಪತ್ರ 250ರಿಂದ 350 ಪದಗಳಷ್ಟು, ಅಂದರೆ ಒಂದು ಪುಟದೊಳಗೆ. ಅದರಲ್ಲಿ ಕಾದಂಬರಿಯ ಹೆಸರು, ಪ್ರಕಾರ, ಒಟ್ಟು ಪದಗಳ ಸಂಖ್ಯೆ ಒಂದೆರಡು ಸಾಲಿನಲ್ಲಿ ಇರುತ್ತವೆ. ದೊಡ್ಡವರಿಗಾಗಿ ಬರೆದ ಮೊದಲ ಕಾದಂಬರಿ 80,000ದಿಂದ 1,00,000 ಪದಗಳ ಒಳಗಿದ್ದರೆ ಯಾರೂ ಹುಬ್ಬೇರಿಸುವುದಿಲ್ಲ. ಕೊನೆಯಲ್ಲಿ ನಿಮ್ಮ ಬಗ್ಗೆ ಎರಡು ಮೂರು ಸಾಲು. ಉಳಿದದ್ದೆಲ್ಲ, ಅಂದರೆ ಪತ್ರದ ಅರ್ಧಕ್ಕಿಂತ ಹೆಚ್ಚು ಭಾಗ, ಕಥೆಯ ಪರಿಚಯ. ಇದನ್ನು ಪಿಚ್ ಎನ್ನುತ್ತಾರೆ. ಕಥೆ ಯಾರದು, ಆ ವ್ಯಕ್ತಿಗೆ ಏನು ಬೇಕು, ಅಡ್ಡ ಬಂದದ್ದು ಯಾವುದು, ಕೈಗೂಡದಿದ್ದರೆ ಏನು ಕಳೆದುಹೋಗುತ್ತದೆ ಎಂಬುದನ್ನು ಪಿಚ್ ಹೇಳಬೇಕು. ಕೊನೆಯನ್ನು ಹೇಳಬಾರದು. ಕೊನೆಯವರೆಗಿನ ಕಥೆಯನ್ನು ಬಿಚ್ಚಿಡುವುದಕ್ಕೆ ಸಿನಾಪ್ಸಿಸ್ ಎಂಬ ಬೇರೆಯೇ ಕಥಾಸಾರ ಇದೆ. ಕೇಳಿದವರಿಗೆ ಅದನ್ನು ಕಳಿಸಬೇಕು. ಬ್ರಿಟನ್ನಿನಲ್ಲಿ ಪತ್ರ ಇನ್ನೂ ಸ್ವಲ್ಪ ಸರಳವಾಗಿರುತ್ತದೆ, ಜೊತೆಗೆ ಸಿನಾಪ್ಸಿಸ್ ಮತ್ತು ಮೊದಲ ಮೂರು ಅಧ್ಯಾಯಗಳನ್ನು ಕೇಳುವುದು ವಾಡಿಕೆ. ಅಮೆರಿಕದ ಹಲವು ಏಜೆಂಟರು ಮೊದಲ ಐದೋ ಹತ್ತೋ ಪುಟಗಳನ್ನು ಇಮೇಲಿನ ಒಳಗೇ ಅಂಟಿಸಿ ಕಳಿಸಿ ಎನ್ನುತ್ತಾರೆ. ಪ್ರತಿಯೊಬ್ಬರೂ ತಮಗೆ ಏನು ಬೇಕೆಂದು ಬರೆದಿಟ್ಟಿರುತ್ತಾರೆ. ಅದನ್ನು ಅಕ್ಷರಶಃ ಪಾಲಿಸುವುದು ಒಳ್ಳೆಯದು.

ಇಷ್ಟು ಸಣ್ಣ ಪತ್ರಕ್ಕೆ ಬೇರೆಯವರ ಕಣ್ಣು ಏಕೆ ಬೇಕು? ಮೂರು ವರ್ಷ ಕಾದಂಬರಿ ಬರೆದವರಿಗೆ ಮುನ್ನೂರು ಪದ ಬರೆಯಲು ಬರುವುದಿಲ್ಲವೇ? ಬರುತ್ತದೆ. ತೊಡಕಿರುವುದು ಬರೆಯುವುದರಲ್ಲಲ್ಲ, ಬರೆದದ್ದನ್ನು ಓದುವುದರಲ್ಲಿ. ನಿಮ್ಮ ಕಾದಂಬರಿಯನ್ನು ನಿಮ್ಮಷ್ಟು ಬಲ್ಲವರು ಬೇರೆ ಯಾರೂ ಇಲ್ಲ. ಆದ್ದರಿಂದ ಪತ್ರದಲ್ಲಿ ಇಲ್ಲದ್ದೂ ನಿಮಗೆ ಅಲ್ಲಿ ಕಾಣುತ್ತದೆ. ‘ರಹಸ್ಯವೊಂದು ಹೊರಬೀಳುತ್ತದೆ’ ಎಂದು ನೀವು ಬರೆದಾಗ ಆ ರಹಸ್ಯ, ಅದು ಹೊರಬೀಳುವ ರಾತ್ರಿ, ಆಗ ಸುರಿಯುತ್ತಿದ್ದ ಮಳೆ ಎಲ್ಲವೂ ನಿಮ್ಮ ಮನಸ್ಸಿಗೆ ಬರುತ್ತವೆ. ಏಜೆಂಟರಿಗೆ ಕಾಣುವುದು ಆ ಎರಡು ಮೂರು ಪದಗಳು, ಅಷ್ಟೇ. ಅವೇ ಪದಗಳನ್ನು ಆ ವಾರ ಅವರು ಬೇರೆ ಪತ್ರಗಳಲ್ಲೂ ಓದಿರುತ್ತಾರೆ. ನಿಮ್ಮ ಪತ್ರವನ್ನು ಅಪರಿಚಿತರಂತೆ ಓದಲು ನಿಮ್ಮಿಂದ ಸಾಧ್ಯವಿಲ್ಲ. ಹಾಗೆ ಓದಬಲ್ಲವರನ್ನು ಹುಡುಕಬೇಕು.

ಕಳಿಸುವ ಮುಂಚೆಯೇ ಇದನ್ನು ಮಾಡಬೇಕೆನ್ನಲು ಇನ್ನೊಂದು ಕಾರಣವೂ ಇದೆ. ಒಬ್ಬ ಏಜೆಂಟ್ ಬೇಡವೆಂದ ಕಾದಂಬರಿಯನ್ನು, ಗಣನೀಯವಾಗಿ ಬದಲಾಯಿಸಿ ಬರೆಯದ ಹೊರತು, ಅವರಿಗೇ ಮತ್ತೆ ಕಳಿಸುವಂತಿಲ್ಲ. ಪತ್ರವನ್ನು ಮಾತ್ರ ತಿದ್ದಿದ್ದೇನೆ ಎಂದರೆ ಸಾಲದು. ಕೆಲವು ಸಂಸ್ಥೆಗಳಲ್ಲಿ ಒಬ್ಬರು ಬೇಡವೆಂದರೆ ಇಡೀ ಸಂಸ್ಥೆಯೇ ಬೇಡವೆಂದಂತೆ. ಅಲ್ಲದೆ, ಬೇಡವೆನ್ನುವವರು ಕಾರಣ ಕೊಡುವುದು ಅಪರೂಪ. ಅನೇಕರು ಉತ್ತರವನ್ನೇ ಬರೆಯುವುದಿಲ್ಲ. ಇಷ್ಟು ವಾರಗಳಲ್ಲಿ ಮಾರುತ್ತರ ಬಾರದಿದ್ದರೆ ಬೇಡವೆಂದೇ ತಿಳಿಯಿರಿ ಎಂದು ಮೊದಲೇ ಹೇಳಿರುತ್ತಾರೆ. ಹಾಗಾಗಿ ಪತ್ರ ಕಳಿಸಿ ಪಾಠ ಕಲಿಯೋಣ ಎಂಬ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ. ಆ ಮೌನದಿಂದ ಕಲಿಯಲು ಏನೂ ಸಿಗುವುದಿಲ್ಲ.

ಈಗ ಒಂದು ಉದಾಹರಣೆಯನ್ನು ಎತ್ತಿಕೊಂಡು ನಿಧಾನವಾಗಿ ನೋಡೋಣ. ಈ ಕಾದಂಬರಿ ಎಲ್ಲೂ ಇಲ್ಲ, ಪಾಠಕ್ಕಾಗಿ ನಾನು ಕಟ್ಟಿಕೊಂಡದ್ದು. ಹಿನ್ನೆಲೆ ಮಾತ್ರ ನಿಜವಾದದ್ದು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡು ಶರಾವತಿ ಕಣಿವೆಯ ಹಳ್ಳಿಗಳು ಮುಳುಗಿದವು. ಕಾದಂಬರಿಯ ಹೆಸರು ‘ಹಿನ್ನೀರು’ ಎಂದಿಟ್ಟುಕೊಳ್ಳೋಣ. ಪತ್ರ ಇಂಗ್ಲಿಷಿನಲ್ಲಿರುತ್ತದೆ, ನಮ್ಮ ಅನುಕೂಲಕ್ಕೆ ಕನ್ನಡದಲ್ಲಿ ಕೊಡುತ್ತೇನೆ. ಪಿಚ್‌ನ ಮೊದಲ ಕರಡು ಹೀಗಿದೆ:

‘ಮನುಷ್ಯನಿಗೂ ನೆಲಕ್ಕೂ ಇರುವ ಅನಾದಿ ಸಂಬಂಧವನ್ನು ಶೋಧಿಸುವ ನನ್ನ ಕಾದಂಬರಿ ಶರಾವತಿ ಕಣಿವೆಯ ಮೂರು ತಲೆಮಾರುಗಳ ಕಥೆ. ಗಿರಿಜಾ, ಅವಳ ತಂದೆ ಸುಬ್ರಾಯ, ಚಿಕ್ಕಪ್ಪ ಮಂಜಯ್ಯ, ಗೆಳತಿ ಹೊನ್ನಮ್ಮ, ಹೊನ್ನಮ್ಮನ ಅಣ್ಣ ಕನ್ನಪ್ಪ, ಶಾಲೆಯ ಮೇಷ್ಟ್ರು ರಾಮಪ್ಪ ಇವರೆಲ್ಲರ ಬದುಕು ಅಣೆಕಟ್ಟಿನ ಸುದ್ದಿಯಿಂದ ಶಾಶ್ವತವಾಗಿ ಬದಲಾಗುತ್ತದೆ. ರಹಸ್ಯಗಳು ಹೊರಬೀಳುತ್ತವೆ, ಸಂಬಂಧಗಳು ಪರೀಕ್ಷೆಗೆ ಒಳಗಾಗುತ್ತವೆ. ಅಭಿವೃದ್ಧಿ ಎಂದರೇನು, ಮನೆ ಎಂದರೇನು ಎಂಬ ಪ್ರಶ್ನೆಗಳನ್ನು ಕಾದಂಬರಿ ಎತ್ತುತ್ತದೆ.’

ಇದರಲ್ಲಿ ವ್ಯಾಕರಣದ ತಪ್ಪಿಲ್ಲ. ಭಾಷೆಯೂ ಗಂಭೀರವಾಗಿದೆ. ನಿಮ್ಮ ತಂಗಿಗೆ ತೋರಿಸಿದರೆ ‘ಚೆನ್ನಾಗಿದೆ’ ಎನ್ನುತ್ತಾಳೆ. ಈಗ ನಿಮ್ಮ ಕಾದಂಬರಿಯ ಒಂದು ಸಾಲನ್ನೂ ಓದದ ಒಬ್ಬರ ಕೈಗೆ ಈ ಪತ್ರ ಕೊಡಿ. ಓದಿದ ಮೇಲೆ ಕಾಗದವನ್ನು ವಾಪಸು ತೆಗೆದುಕೊಳ್ಳಿ. ಹೇಗಿದೆ ಎಂದು ಕೇಳಬೇಡಿ. ‘ಕಥೆ ಏನು ಅಂತ ನಿಮ್ಮ ಮಾತಿನಲ್ಲಿ ಹೇಳಿ’ ಎನ್ನಿ. ಅವರು ಬಹುಶಃ ಹೀಗೆ ಹೇಳುತ್ತಾರೆ: ‘ಒಂದು ಹಳ್ಳಿ, ಅಲ್ಲಿ ಡ್ಯಾಮ್ ಕಟ್ತಾರೆ, ಜನರಿಗೆ ಕಷ್ಟ ಆಗುತ್ತೆ.’ ಯಾರ ಕಥೆ ಎಂದು ಕೇಳಿ. ‘ಗಿರಿಜಾ ಅಂತ ಒಬ್ಬಳು ಇದ್ದಳು ಅಲ್ವಾ? ಅವಳದ್ದಾ, ಅಥವಾ ಅಪ್ಪನದ್ದಾ?’ ಅವಳು ಏನು ಮಾಡುತ್ತಾಳೆ ಎಂದು ಕೇಳಿ. ಉತ್ತರವಿಲ್ಲ, ಏಕೆಂದರೆ ಪತ್ರದಲ್ಲಿ ಅವಳು ಏನನ್ನೂ ಮಾಡುವುದಿಲ್ಲ. ಆರು ಹೆಸರುಗಳಲ್ಲಿ ಒಂದು ನೆನಪಿನಲ್ಲಿ ಉಳಿದದ್ದೇ ಹೆಚ್ಚು.

ಅಭಿಪ್ರಾಯ ಪಡೆಯುವ ಕ್ರಮಗಳಲ್ಲಿ ಇದಕ್ಕಿಂತ ಸರಳವೂ ಪ್ರಾಮಾಣಿಕವೂ ಆದದ್ದು ನನಗೆ ಗೊತ್ತಿಲ್ಲ. ಓದಿದವರು ವಿಮರ್ಶಕರಾಗಬೇಕಿಲ್ಲ, ಪಂಡಿತರಾಗಬೇಕಿಲ್ಲ, ಕಥೆಯನ್ನು ತಿರುಗಿ ಹೇಳಿದರೆ ಸಾಕು. ಅವರು ಹೇಳಿದ್ದರಲ್ಲಿ ಏನು ಬಿಟ್ಟುಹೋಯಿತೋ ಅದು ಪತ್ರದಲ್ಲಿ ಇಲ್ಲ ಅಥವಾ ಇದ್ದೂ ಕಾಣುತ್ತಿಲ್ಲ. ಅವರು ಹೇಳುವಾಗ ನೀವು ನಡುವೆ ಬಾಯಿ ಹಾಕಬಾರದು. ‘ಅಲ್ಲ ಅಲ್ಲ, ಅದು ಏನೆಂದರೆ…’ ಎಂದು ವಿವರಿಸಲು ಹೊರಟರೆ ಪರೀಕ್ಷೆ ಅಲ್ಲಿಗೇ ಕೆಟ್ಟಿತು. ಏಜೆಂಟರ ಪಕ್ಕದಲ್ಲಿ ಕುಳಿತು ವಿವರಿಸುವ ಅವಕಾಶ ನಿಮಗೆ ಸಿಗುವುದಿಲ್ಲ. ಆದರೆ ಬಾಯಿಗೆ ಬಂದ ಆ ವಿವರಣೆಯನ್ನು ಮನೆಗೆ ಹೋಗಿ ಬರೆದಿಟ್ಟುಕೊಳ್ಳಿ, ಪತ್ರದಲ್ಲಿ ಇರಬೇಕಾದ ಸಾಲು ಬಹಳ ಸಲ ಅದೇ ಆಗಿರುತ್ತದೆ.

ಹಾಗೆ ಬರೆದಿಟ್ಟುಕೊಂಡು, ತಿದ್ದಿ, ಇನ್ನೊಬ್ಬರಿಗೆ ಓದಿಸಿ, ಮತ್ತೆ ತಿದ್ದಿದ ಮೇಲೆ ಅದೇ ಪಿಚ್ ಹೀಗಾಗಬಹುದು:

‘1962. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುತ್ತಿದೆ. ಇಪ್ಪತ್ತೆರಡು ವರ್ಷದ ಗಿರಿಜಾಗೆ ಸಾಗರದ ಕಚೇರಿಯಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿದೆ. ಮುಳುಗಲಿರುವ ಹಳ್ಳಿಗಳಲ್ಲಿ ಯಾರಿಗೆ ಎಷ್ಟು ಪರಿಹಾರ ಎಂಬ ಪಟ್ಟಿಯನ್ನು ಟೈಪ್ ಮಾಡುವುದು ಅವಳ ಕೆಲಸ. ತನ್ನೂರಿನ ಪುಟ ಬಂದ ದಿನ ಅವಳ ಕೈ ನಿಲ್ಲುತ್ತದೆ. ಗೆಳತಿ ಹೊನ್ನಮ್ಮನ ಮನೆಯವರು ಎರಡು ತಲೆಮಾರಿನಿಂದ ಗೇಣಿಗೆ ಉಳುತ್ತಿರುವ ಗದ್ದೆಯನ್ನು ಗಿರಿಜಾಳ ಚಿಕ್ಕಪ್ಪ ತನ್ನ ಸ್ವಂತ ಸಾಗುವಳಿ ಎಂದು ಬರೆಸಿದ್ದಾನೆ. ಆ ಹಣ ಬಂದರೆ ಅವಳ ಅಪ್ಪನ ಸಾಲ ತೀರುತ್ತದೆ, ನೀರು ಏರುವ ಮುಂಚೆ ಇಡೀ ಮನೆ ಬೇರೆ ಕಡೆ ನೆಲೆ ಕಾಣುತ್ತದೆ. ಒಂದು ಸಾಲು ತಿದ್ದಿದರೆ ತನ್ನವರಿಗೆ ನೆಲೆಯಿಲ್ಲ. ಇದ್ದದ್ದನ್ನು ಇದ್ದಂತೆ ಟೈಪ್ ಮಾಡಿದರೆ ಹೊನ್ನಮ್ಮನ ಮನೆಯವರು ಬರಿಗೈಯಲ್ಲಿ ಕಣಿವೆ ಬಿಡಬೇಕು. ಮಳೆಗಾಲದ ಮುಂಚೆ ಪಟ್ಟಿ ಸಹಿಗೆ ಹೋಗಬೇಕು.’

ಕಾದಂಬರಿ ಬದಲಾಗಿಲ್ಲ. ಅದೇ ಮೂರು ತಲೆಮಾರು, ಅದೇ ಅಭಿವೃದ್ಧಿಯ ಪ್ರಶ್ನೆ. ಮೇಷ್ಟ್ರು ರಾಮಪ್ಪ ಪುಸ್ತಕದಲ್ಲಿ ಈಗಲೂ ಇದ್ದಾರೆ, ಪತ್ರದಲ್ಲಿ ಮಾತ್ರ ಇಲ್ಲ. ಪತ್ರದಲ್ಲಿ ಈಗ ಎರಡೇ ಹೆಸರು. ಮಾಡುವವಳು ಒಬ್ಬಳಿದ್ದಾಳೆ, ಅವಳ ಮುಂದೆ ಒಂದು ಕಾಗದವಿದೆ, ಒಂದು ಗಡುವಿದೆ. ‘ಅಭಿವೃದ್ಧಿ ಎಂದರೇನು’ ಎಂಬ ಪ್ರಶ್ನೆಯನ್ನು ಲೇಖಕರು ಎತ್ತಬೇಕಾಗಿಲ್ಲ, ಅದು ಓದುವವರ ಮನಸ್ಸಿನಲ್ಲಿ ತಾನಾಗಿ ಏಳುತ್ತದೆ. ಈ ಪತ್ರ ಓದಿದವರನ್ನು ಕಥೆ ಹೇಳಿ ಎಂದು ಕೇಳಿದರೆ ಕಥೆ ಹೇಳುತ್ತಾರೆ. ಆಮೇಲೆ ಅವಳು ಏನು ಮಾಡಿದಳು ಎಂದೂ ಕೇಳಬಹುದು. ಕೇಳಿದರೆ ಹೇಳಬೇಡಿ.

ಹಾಗಾದರೆ ಯಾರಿಗೆ ಓದಿಸಬೇಕು? ಮನೆಯವರಿಗೆ ಬೇಡ ಎಂದು ನಾನು ಹೇಳುವುದಿಲ್ಲ. ಅವರ ಸಂತೋಷ ನಿಮಗೆ ಬೇಕು. ಆದರೆ ಅವರ ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮೊದಲ ಸುತ್ತಿಗೆ ಬೇಕಾದವರು ನಿಮ್ಮ ಕಾದಂಬರಿಯನ್ನು ಓದಿರದವರು. ಅದರಲ್ಲೂ ನೀವು ಬರೆದ ಬಗೆಯ ಪುಸ್ತಕಗಳನ್ನು ಇಷ್ಟಪಟ್ಟು ಓದುವವರು ಸಿಕ್ಕರೆ ಒಳ್ಳೆಯದು. ಪತ್ತೇದಾರಿ ಕಥೆಯ ಪತ್ರವನ್ನು ಪತ್ತೇದಾರಿ ಕಥೆ ಓದದವರಿಗೆ ತೋರಿಸಿದರೆ, ಆ ಪ್ರಕಾರದಲ್ಲಿ ಸವೆದುಹೋದ ತಿರುವನ್ನೇ ಅವರು ಹೊಸದೆಂದು ಮೆಚ್ಚಿಕೊಳ್ಳುವ ಅಪಾಯವಿದೆ. ಎರಡನೆಯ ಸುತ್ತಿಗೆ ಕಾದಂಬರಿಯನ್ನು ಪೂರ್ತಿ ಓದಿದ ಒಬ್ಬರು ಬೇಕು. ಅವರಿಗೆ ಕೇಳಬೇಕಾದ ಪ್ರಶ್ನೆ ಬೇರೆ: ‘ಈ ಪತ್ರ ಓದಿ ಕಾದಂಬರಿ ಕೈಗೆತ್ತಿಕೊಂಡವರಿಗೆ ಇದೇ ಕಥೆ ಸಿಗುತ್ತದೆಯೇ?’ ತಿದ್ದುತ್ತ ತಿದ್ದುತ್ತ ಪತ್ರ ರೋಚಕವಾಗಿ, ಕಾದಂಬರಿ ಸಾವಧಾನದ್ದಾಗಿ ಉಳಿದುಬಿಟ್ಟರೆ ಪುಟ ತೆರೆದ ಏಜೆಂಟರಿಗೆ ಮೋಸವಾದಂತೆ ಅನಿಸುತ್ತದೆ. ಗಿರಿಜಾಳ ಪಟ್ಟಿ ಕಾದಂಬರಿಯಲ್ಲಿ ಬರುವುದು ಇನ್ನೂರನೆಯ ಪುಟದಲ್ಲಿ ಎಂದಾದರೆ, ಅದನ್ನು ಈ ಎರಡನೆಯ ಓದುಗರು ಹೇಳಬೇಕು. ಆಗ ಪತ್ರವನ್ನು ಪಕ್ಕಕ್ಕಿಟ್ಟು ಮತ್ತೆ ಕಾದಂಬರಿಗೇ ಮರಳಬೇಕಾದೀತು. ಪತ್ರದ ಮೇಲಿನ ಅಭಿಪ್ರಾಯ ಹೀಗೆ ಕಾದಂಬರಿಯ ರೋಗವನ್ನು ತೋರಿಸಿಕೊಡುವುದು ಅಪರೂಪವಲ್ಲ.

ನಿಮ್ಮಂತೆಯೇ ಏಜೆಂಟರನ್ನು ಹುಡುಕುತ್ತಿರುವ ಇತರ ಲೇಖಕರು ಮೂರನೆಯ ಬಗೆಯವರು. ಅವರಿಗೆ ರೂಢಿಗಳು ಗೊತ್ತಿರುತ್ತವೆ, ನಿಮ್ಮ ಪತ್ರಕ್ಕೆ ಬದಲಾಗಿ ಅವರ ಪತ್ರವನ್ನು ನೀವು ಓದಿಕೊಡಬಹುದು. ಬೇರೆಯವರ ಪತ್ರ ಓದುವುದನ್ನು ಸೌಜನ್ಯಕ್ಕಾಗಿ ಮಾಡುವ ಕೆಲಸವೆಂದು ಎಣಿಸಬೇಡಿ. ತನ್ನ ಪತ್ರದಲ್ಲಿ ಕಾಣದ ದೋಷ ಮತ್ತೊಬ್ಬರ ಪತ್ರದಲ್ಲಿ ತಟ್ಟನೆ ಕಾಣುತ್ತದೆ. ಹತ್ತಾರು ಪತ್ರ ಓದಿದ ಮೇಲೆ ‘ಆದರೆ ಅವಳಿಗೆ ಗೊತ್ತಿಲ್ಲದ ಸತ್ಯವೊಂದಿತ್ತು’ ಎಂಬಂಥ ಸಾಲನ್ನು ಬರೆಯಲು ನಿಮ್ಮ ಕೈಯೇ ಏಳುವುದಿಲ್ಲ. ನ್ಯೂಯಾರ್ಕಿನ ಏಜೆಂಟ್ ಜಾನೆಟ್ ರೀಡ್ ‘ಕ್ವೆರಿ ಶಾರ್ಕ್’ ಎಂಬ ಹೆಸರಿನ ಬ್ಲಾಗಿನಲ್ಲಿ ಹಲವು ವರ್ಷ ಅಪರಿಚಿತ ಲೇಖಕರ ಪತ್ರಗಳನ್ನು ಎಲ್ಲರೂ ನೋಡುವಂತೆ ತಿದ್ದಿ ತೋರಿಸಿದರು. ಒಂದೇ ಪತ್ರ ಎರಡು, ಮೂರು, ನಾಲ್ಕು ಸಲ ತಿದ್ದಿಸಿಕೊಂಡು ಬಂದದ್ದೂ ಅಲ್ಲಿ ಇದೆ. ಹೊಸಬರು ಅವುಗಳನ್ನು ಆರಂಭದಿಂದ ಓದಬೇಕೆಂದು ನನ್ನ ಸಲಹೆ. ರೀಡ್ 2024ರಲ್ಲಿ ತೀರಿಕೊಂಡರು. ಅವರ ಮಾತು ಒರಟು, ಕಣ್ಣು ಮಾತ್ರ ಬಹಳ ಚುರುಕು.

ಹಣ ಕೊಟ್ಟು ಅಭಿಪ್ರಾಯ ಪಡೆಯಬಹುದೇ ಎಂದು ಕೇಳುವವರಿದ್ದಾರೆ. ಅನುಭವಿ ಸಂಪಾದಕರು ಶುಲ್ಕ ಪಡೆದು ಪತ್ರ ನೋಡಿಕೊಡುತ್ತಾರೆ. ಲೇಖಕರ ಸಮ್ಮೇಳನಗಳಲ್ಲಿ ಏಜೆಂಟರು ಕುಳಿತು ಓದಿ ಹೇಳುವ ಏರ್ಪಾಡೂ ಇರುತ್ತದೆ. ಅಗತ್ಯವೇನಲ್ಲ, ತಪ್ಪೂ ಅಲ್ಲ. ಆದರೆ ನಿಮ್ಮ ಕಾದಂಬರಿಯನ್ನು ಓದಿ ಪ್ರತಿನಿಧಿಸಲು ಮೊದಲು ಇಷ್ಟು ಹಣ ಕೊಡಿ ಎನ್ನುವ ಏಜೆಂಟರಿಂದ ದೂರ ಸರಿಯಿರಿ. ಅಮೆರಿಕದ ಏಜೆಂಟರ ಸಂಘದ ನೀತಿ ಸಂಹಿತೆ ಓದುವುದಕ್ಕೆ ಶುಲ್ಕ ಪಡೆಯುವುದನ್ನು ಒಪ್ಪುವುದಿಲ್ಲ. ಹಣ ಏಜೆಂಟರಿಂದ ಲೇಖಕರ ಕಡೆಗೆ ಬರಬೇಕು, ಲೇಖಕರಿಂದ ಅವರ ಕಡೆಗೆ ಹೋಗಬಾರದು.

ಅಭಿಪ್ರಾಯಗಳು ಕೈಗೆ ಬಂದ ಮೇಲೆ ನಿಜವಾದ ಕೆಲಸ. ಐದು ಜನ ಓದಿದರೆ ಐದು ಮಾತು ಬರುತ್ತದೆ. ಒಬ್ಬರು ಹೊನ್ನಮ್ಮನ ಬಗ್ಗೆ ಇನ್ನೂ ಬರೆಯಿರಿ ಎನ್ನುತ್ತಾರೆ, ಇನ್ನೊಬ್ಬರು ಅವಳ ಹೆಸರನ್ನೇ ತೆಗೆಯಿರಿ ಎನ್ನುತ್ತಾರೆ. ಹೊಸಬರು ಇಲ್ಲಿ ಕಂಗಾಲಾಗಿ, ಎಲ್ಲರಿಗೂ ಸ್ವಲ್ಪ ಸ್ವಲ್ಪ ಮಣಿದು, ಕೊನೆಗೆ ಯಾರ ದನಿಯೂ ಇಲ್ಲದ ಪತ್ರ ಬರೆಯುತ್ತಾರೆ. ಹೀಗೆ ಮಾಡಿ ನೋಡಿ. ವೈದ್ಯರ ಬಳಿ ಹೋದ ರೋಗಿ ಎಲ್ಲಿ ನೋಯುತ್ತಿದೆ ಎಂದು ಹೇಳಿದರೆ ನಂಬಬೇಕು, ಯಾವ ಔಷಧ ಬೇಕೆಂದು ಹೇಳಿದರೆ ನಂಬಬೇಕಿಲ್ಲ. ಓದುಗರೂ ಹಾಗೆಯೇ. ಮೇಲಿನ ಇಬ್ಬರ ಸಲಹೆಗಳು ಒಂದಕ್ಕೊಂದು ವಿರುದ್ಧ, ಆದರೆ ಇಬ್ಬರೂ ಎಡವಿದ್ದು ಒಂದೇ ಜಾಗದಲ್ಲಿ: ಹೊನ್ನಮ್ಮ ಗಿರಿಜಾಗೆ ಯಾಕೆ ಮುಖ್ಯ ಎಂಬುದು ಅವರಿಗೆ ತಿಳಿಯಲಿಲ್ಲ. ‘ಒಟ್ಟಿಗೆ ಬೆಳೆದ’ ಎಂಬ ಎರಡು ಪದ ಸೇರಿಸಿದರೆ ಇಬ್ಬರ ಆಕ್ಷೇಪವೂ ಕರಗಬಹುದು. ಆದ್ದರಿಂದ ಸಲಹೆಗಳನ್ನು ಬರೆದುಕೊಳ್ಳುವಾಗ ಪತ್ರದ ಯಾವ ಸಾಲಿಗೆ ಬಂದದ್ದು ಎಂದು ಗುರುತು ಹಾಕಿಕೊಳ್ಳಿ. ಒಂದೇ ಸಾಲಿನ ಎದುರು ಮೂರು ಗುರುತು ಬಿದ್ದರೆ ಆ ಸಾಲನ್ನು ತಿದ್ದಲೇಬೇಕು, ಹೇಗೆಂಬುದು ನಿಮ್ಮ ತೀರ್ಮಾನ. ಒಬ್ಬರೇ ಹೇಳಿದ ಮಾತನ್ನು, ಅದು ನಿಮಗೂ ಒಳಗೊಳಗೇ ಅನುಮಾನವಿದ್ದ ಜಾಗವಲ್ಲದಿದ್ದರೆ, ಬಿಟ್ಟುಬಿಡಬಹುದು.

ನಮ್ಮ ಕಡೆಯ ಲೇಖಕರಿಗೆ ವಿಶೇಷವಾಗಿ ಎದುರಾಗುವ ತೊಡಕೊಂದಿದೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗೇಣಿ ಎಂದರೆ ಏನೆಂದು ಸಾಗರದವರಿಗೆ ಹೇಳಬೇಕಾಗಿಲ್ಲ. ನ್ಯೂಯಾರ್ಕಿನವರಿಗೆ ಗೊತ್ತಿಲ್ಲ. ಕರ್ನಾಟಕದ ಓದುಗರಿಗೆ ಮಾತ್ರ ಪತ್ರ ಓದಿಸಿದರೆ ಈ ಕೊರತೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅಮೆರಿಕದವರಿಗೆ ಮಾತ್ರ ಓದಿಸಿದರೆ ‘ಇದನ್ನು ವಿವರಿಸಿ, ಅದನ್ನೂ ವಿವರಿಸಿ’ ಎಂಬ ಒತ್ತಾಯ ಹೆಚ್ಚಾಗಿ, ಪಿಚ್ ಭೂಸುಧಾರಣೆಯ ಪಾಠವಾಗಿಬಿಡುತ್ತದೆ. ಎರಡೂ ಬಗೆಯ ಓದುಗರು ಇರಲಿ. ಹೊರಗಿನವರು ಕೇಳುವ ಪ್ರಶ್ನೆಗೆ ವಾಕ್ಯದೊಳಗೇ ಉತ್ತರ ಅಡಗಿಸಲು ನೋಡಿ: ‘ಎರಡು ತಲೆಮಾರಿನಿಂದ ಗೇಣಿಗೆ ಉಳುತ್ತಿರುವ’ ಎಂದಾಗ ಪದ ಗೊತ್ತಿಲ್ಲದವರಿಗೂ ಸಂಬಂಧ ಅರ್ಥವಾಗುತ್ತದೆ. ಊರಿನವರು ಬೇರೆಯದನ್ನು ಹೇಳಬೇಕು. ಹೊರಗಿನವರನ್ನು ಮೆಚ್ಚಿಸಲು ನೀವು ಪತ್ರದಲ್ಲಿ ಮಸಾಲೆ, ಮಳೆ, ದೇವಸ್ಥಾನದ ಗಂಟೆ ಇತ್ಯಾದಿಗಳನ್ನು ತುರುಕಿದ್ದರೆ ‘ಇದು ನಮ್ಮೂರಲ್ಲ, ಪೋಸ್ಟ್ ಕಾರ್ಡು’ ಎಂದು ಹೇಳುವವರು ಅವರೇ.

ಕಾಂಪ್ಸ್ ಬಗ್ಗೆ ಒಂದು ಮಾತು. ನಿಮ್ಮ ಕಾದಂಬರಿಯನ್ನು ಇಷ್ಟಪಡುವವರು ಈಗಾಗಲೇ ಇಷ್ಟಪಟ್ಟಿರಬಹುದಾದ ಎರಡು ಪುಸ್ತಕಗಳನ್ನು ಪತ್ರದಲ್ಲಿ ಹೆಸರಿಸುವ ರೂಢಿಯಿದೆ. ಅವೇ ಕಾಂಪ್ಸ್, ಅಂದರೆ ಹೋಲಿಕೆಯ ಪುಸ್ತಕಗಳು. ಕಳೆದ ಮೂರರಿಂದ ಐದು ವರ್ಷಗಳಲ್ಲಿ ಬಂದಿರಬೇಕು, ಜಗತ್ತೇ ಓದಿದಂಥವು ಆಗಿರಬಾರದು. ಕನ್ನಡಿಗರಿಗೆ ಥಟ್ಟನೆ ಹೊಳೆಯುವ ಹೆಸರುಗಳು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಶ್ರೀನಾಥ್ ಪೆರೂರ್ ಅವರ ಅನುವಾದದಲ್ಲಿ ಅಮೆರಿಕದಲ್ಲಿ ಬಂದದ್ದು 2017ರಲ್ಲಿ, ಹಳೆಯದಾಯಿತು. ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ ದೀಪಾ ಭಾಸ್ತಿಯವರ ಅನುವಾದದಲ್ಲಿ 2025ರ ಅಂತಾರಾಷ್ಟ್ರೀಯ ಬೂಕರ್ ಗೆದ್ದ ಕಥಾಸಂಕಲನ, ನಿಮ್ಮದು ಕಾದಂಬರಿ. ಕರ್ನಾಟಕದಿಂದ ಬಂದದ್ದು ಎಂಬುದಷ್ಟೇ ಹೋಲಿಕೆಯಾಗದು. ಊರು ಮುಳುಗುವ ಕಥೆ, ಕಾಗದ ಪತ್ರದ ಮೋಸದ ಕಥೆ, ಗೆಳತಿಯರ ನಡುವಿನ ಅನ್ಯಾಯದ ಕಥೆ ಯಾವ ದೇಶದಲ್ಲಿ ಬಂದಿದ್ದರೂ ಅದು ಹತ್ತಿರದ ಹೋಲಿಕೆ. ಇದರಲ್ಲಿ ನಿಮ್ಮ ಪ್ರಕಾರವನ್ನು ಓದುವ ಓದುಗರೇ ಹೆಚ್ಚು ಸಹಾಯ ಮಾಡುತ್ತಾರೆ. ‘ನನ್ನ ಪಿಚ್ ಓದಿ ಇತ್ತೀಚಿನ ಯಾವ ಪುಸ್ತಕ ನೆನಪಾಯಿತು?’ ಎಂದು ಕೇಳಿ.

ನಿಮ್ಮ ಪರಿಚಯದ ಭಾಗಕ್ಕೆ ಯಾರ ಅಭಿಪ್ರಾಯವೂ ಬೇಡ. ಪ್ರಕಟವಾದ ಕಥೆಗಳಿದ್ದರೆ ಹೇಳಿ, ಕಾದಂಬರಿಯ ವಸ್ತುವಿನೊಂದಿಗೆ ನಿಮಗೆ ನಂಟಿದ್ದರೆ ಹೇಳಿ, ಏನೂ ಇಲ್ಲದಿದ್ದರೆ ಎಲ್ಲಿರುತ್ತೀರಿ, ಏನು ಕೆಲಸ ಎಂದು ಹೇಳಿ ಮುಗಿಸಿ.

ಎಷ್ಟು ಸುತ್ತು ಓದಿಸಬೇಕು? ಪ್ರತಿ ಸುತ್ತಿಗೂ ಒಬ್ಬಿಬ್ಬರು ಹೊಸ ಓದುಗರು ಬೇಕು ಎಂಬುದನ್ನು ಮರೆಯಬೇಡಿ, ಏಕೆಂದರೆ ಎರಡನೆಯ ಸಲ ಓದುವವರು ಆಗಲೇ ಕಥೆ ಬಲ್ಲವರು. ಅವರಿಗೂ ಈಗ ಪತ್ರದಲ್ಲಿ ಇಲ್ಲದ್ದು ಕಾಣತೊಡಗುತ್ತದೆ. ನಿಮ್ಮ ಪರಿಚಯದವರನ್ನೆಲ್ಲ ಒಂದೇ ದಿನ ಓದಿಸಿ ಖರ್ಚು ಮಾಡಿಬಿಡಬೇಡಿ. ಹೊಸದಾಗಿ ಓದಿದ ಇಬ್ಬರು ಮೂವರು ನೀವು ಉದ್ದೇಶಿಸಿದ ಕಥೆಯನ್ನೇ ತಿರುಗಿ ಹೇಳಿದರು, ಅವರ ಸಲಹೆಗಳು ಅಲ್ಪವಿರಾಮದ ಮಟ್ಟಕ್ಕೆ ಇಳಿದವು ಎಂದಾದರೆ ನಿಲ್ಲಿಸಿ. ಅದಕ್ಕಿಂತ ಮುಂದೆ ತಿದ್ದಿದರೆ ಪತ್ರದ ಕಸುವು ಹೋಗುತ್ತದೆ. ಆರನೆಯ ಕರಡಿಗಿಂತ ಮೂರನೆಯದೇ ಜೀವಂತವಾಗಿತ್ತು ಎಂದು ಅನಿಸುವುದುಂಟು. ಹಾಗಾಗಿ ಹಳೆಯ ಕರಡುಗಳನ್ನು ಅಳಿಸಬೇಡಿ.

ಕಳಿಸುವಾಗ ಎಲ್ಲರಿಗೂ ಒಟ್ಟಿಗೆ ಕಳಿಸಬೇಡಿ. ಹಲವು ಏಜೆಂಟರಿಗೆ ಏಕಕಾಲದಲ್ಲಿ ಬರೆಯುವುದು ಒಪ್ಪಿತ ರೂಢಿಯೇ, ಆದರೆ ಒಂದು ಸಂಸ್ಥೆಯಲ್ಲಿ ಒಂದು ಸಲಕ್ಕೆ ಒಬ್ಬರಿಗೆ ಮಾತ್ರ. ಮೊದಲು ಐದರಿಂದ ಹತ್ತು ಜನರಿಗೆ ಕಳಿಸಿ, ಕಾಯಿರಿ. ಮೊದಲ ಪುಟಗಳ ಜೊತೆ ಹೋದ ಪತ್ರಕ್ಕೆ ಯಾರೂ ಹಸ್ತಪ್ರತಿ ಕೇಳದಿದ್ದರೆ ಪತ್ರವನ್ನೂ ಆ ಪುಟಗಳನ್ನೂ ಮತ್ತೆ ಹೊಸ ಓದುಗರ ಮುಂದಿಡಿ, ಎಲ್ಲಿ ಓದು ನಿಲ್ಲಿಸಬೇಕು ಅನಿಸಿತು ಎಂದು ಗುರುತು ಮಾಡಿಸಿ. ಪೂರ್ತಿ ಹಸ್ತಪ್ರತಿಯನ್ನು ಕೇಳಿ, ಓದಿ, ಆಮೇಲೆ ಬೇಡವೆಂದರೆ ಪತ್ರ ತನ್ನ ಕೆಲಸ ಮಾಡಿದೆ. ಅದನ್ನು ಇನ್ನು ಮುಟ್ಟಬೇಡಿ, ಕಾದಂಬರಿಯನ್ನು ನೋಡಿ. ಕ್ಯಾಥ್ರಿನ್ ಸ್ಟಾಕೆಟ್ ಅವರ ‘ದ ಹೆಲ್ಪ್’ 2009ರಲ್ಲಿ ಪ್ರಕಟವಾಗುವ ಮುಂಚೆ 60 ಏಜೆಂಟರು ಬೇಡವೆಂದಿದ್ದರು. ಅವರು ಆ ವರ್ಷಗಳಲ್ಲಿ ಕಾದಂಬರಿಯನ್ನೇ ಮತ್ತೆ ಮತ್ತೆ ತಿದ್ದುತ್ತಿದ್ದರು. ಯಾರಿಗೆ, ಯಾವ ದಿನ, ಪತ್ರದ ಯಾವ ಕರಡನ್ನು ಕಳಿಸಿದಿರಿ, ಏನು ಉತ್ತರ ಬಂತು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಎರಡನೆಯ ಕಂತಿಗೆ ಕುಳಿತಾಗ ಯಾವ ಕರಡು ಯಾರನ್ನು ತಲುಪಿತ್ತು ಎಂಬುದನ್ನು ಆ ಪುಸ್ತಕ ಹೇಳಬೇಕು, ನಿಮ್ಮ ನೆನಪಲ್ಲ.